ಫಿಲಿಪೀನ್ಸ್ ಸಿನಿಮಾದ ಮಾತು ಯಾಕೆ ಹಾಗೆ ಕೇಳುತ್ತದೆ?

ಪ್ರಶ್ನೆ: ನಾನು ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸ್, ಊರು ಉಡುಪಿ ಕಡೆ. ನನ್ನ ವಾರ್ಡಿನಲ್ಲಿ ಫಿಲಿಪೀನ್ಸ್‌ನವರೇ ಹೆಚ್ಚು. ಅವರ ಮಾತು ಎಷ್ಟು ಮೆಲ್ಲಗೆ ಎಂದರೆ ಪಕ್ಕದ ಬೆಡ್ಡಿನವರಿಗೂ ಕೇಳಿಸುವುದಿಲ್ಲ. ಆದರೆ ರೂಮ್‌ಮೇಟ್ ಜೊತೆ ಕೂತು ಅವರ ಸಿನಿಮಾ ನೋಡಿದರೆ ಎಲ್ಲರೂ ಕಿರುಚುತ್ತಾರೆ, ಅಳುತ್ತಾರೆ, ಭಾಷಣದ ಹಾಗೆ ಉದ್ದುದ್ದ ಮಾತಾಡುತ್ತಾರೆ. ನಡುವೆ ಇದ್ದಕ್ಕಿದ್ದಂತೆ ಇಂಗ್ಲಿಷ್ ಬರುತ್ತದೆ. ಹಳೆಯ ಸಿನಿಮಾಗಳಲ್ಲಂತೂ ತುಟಿಗೂ ಮಾತಿಗೂ ಹೊಂದಿಕೆಯೇ ಇರುವುದಿಲ್ಲ. ಅವರಿಗೆ ನಟನೆ ಬರುವುದಿಲ್ಲವೇ, ಅಥವಾ ನನಗೆ ನೋಡಲು ಬರುವುದಿಲ್ಲವೇ?

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿದೆ. ನೀವು ಹೇಳಿದ ಒಂದೊಂದೂ ಆ ಸಿನಿಮಾಗಳಲ್ಲಿ ಇದೆ. ಆದರೆ ಬೇರೆ ಬೇರೆ ಕಾರಣದಿಂದ ಹುಟ್ಟಿದ್ದನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ ‘ಕೃತಕ’ ಅಂದುಬಿಟ್ಟಿದ್ದೀರಿ. ಅದರಲ್ಲಿ ಒಂದಿಷ್ಟು ತಂತ್ರಜ್ಞಾನದ ತೊಂದರೆ, ಒಂದಿಷ್ಟು ಅವಸರದ ಕೆಲಸ. ಇನ್ನೊಂದಿಷ್ಟು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪಾಲು, ಬೇಕೆಂದೇ ಹಾಗೆ ಮಾಡಿದ ಕಲೆ. ಇವನ್ನು ಬಿಡಿಸಿ ನೋಡೋಣ.

ತುಟಿಯ ವಿಷಯದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ನನ್ನ ಕಸುಬು. ಸಿನಿಮಾ ಪಾಠ ಹೇಳುವುದಕ್ಕೆ ಮೊದಲು ವರ್ಷಗಟ್ಟಲೆ ಡಬ್ಬಿಂಗ್ ಸ್ಟುಡಿಯೊದಲ್ಲಿ ಸೌಂಡ್ ಎಂಜಿನಿಯರ್ ಆಗಿದ್ದೆ. 1970-80ರ ದಶಕದ ಫಿಲಿಪೀನ್ಸ್ ಚಿತ್ರಗಳಲ್ಲಿ ಬಹುಪಾಲು, ನಮ್ಮ ಆಗಿನ ಚಿತ್ರಗಳ ಹಾಗೆಯೇ, ಶೂಟಿಂಗ್ ಮುಗಿದ ಮೇಲೆ ಡಬ್ ಆದವು. ಮನಿಲಾದ ಓಣಿಯಲ್ಲಿ ಕ್ಯಾಮೆರಾ ಇಟ್ಟರೆ ಜೀಪ್ನಿ (ಅಲ್ಲಿನ ಜೀಪಿನಂಥ ಬಾಡಿಗೆ ಗಾಡಿ), ಕೋಳಿ, ರೇಡಿಯೊ, ಜನರ ಗಲಾಟೆ ಎಲ್ಲ ಸೇರಿ ನಟರ ಮಾತು ಮುಳುಗಿಹೋಗುತ್ತದೆ. ಹಾಗಾಗಿ ಚಿತ್ರ ಒಂದು ಕಡೆ, ಧ್ವನಿ ಇನ್ನೊಂದು ಕಡೆ.

ಡಬ್ಬಿಂಗಿನಲ್ಲಿ ಮೊದಲು ಕಳೆದುಹೋಗುವುದು ಉಸಿರು. ಮಾತು, ತುಟಿ ಎಲ್ಲ ಆಮೇಲಿನದು. ಮೆಟ್ಟಿಲು ಹತ್ತಿ ಓಡಿ ಬಂದವಳ ಮಾತಿನಲ್ಲಿ ಪದಗಳ ನಡುವೆ ಏದುಸಿರು ಸಿಕ್ಕಿಕೊಂಡಿರುತ್ತದೆ. ಎರಡು ತಿಂಗಳ ನಂತರ ಅದೇ ನಟಿ ಎಸಿ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಅದೇ ಸಾಲು ಹೇಳಿದರೆ ಮಾತು ನುಣ್ಣಗೆ ಬರುತ್ತದೆ. ಆ ಕೊರತೆ ತುಂಬಲು ಆಕೆ ದನಿ ಎತ್ತುತ್ತಾಳೆ, ಅಳುವನ್ನು ಮೇಲಿಂದ ಹಚ್ಚುತ್ತಾಳೆ. ನಮ್ಮ ಸ್ಟುಡಿಯೊದಲ್ಲಿ ಇಂಥ ದೃಶ್ಯ ಬಂದರೆ ಕಲಾವಿದರನ್ನು ಕಾರಿಡಾರಿನಲ್ಲಿ ಎರಡು ಸುತ್ತು ಓಡಿಸಿ ಮೈಕಿನ ಮುಂದೆ ನಿಲ್ಲಿಸುತ್ತಿದ್ದೆವು. ಮೊದಲ ಸಾಲು ಚೆನ್ನಾಗಿ ಬರುತ್ತಿತ್ತು, ಮೂರನೆಯ ಸಾಲಿಗೆ ಉಸಿರು ಮಾಮೂಲಿಗೆ ಬಂದುಬಿಡುತ್ತಿತ್ತು. ಆದ್ದರಿಂದ ಹಳೆಯ ಚಿತ್ರ ನೋಡುವಾಗ ಕಣ್ಣು ಮುಚ್ಚಿ ಕೇಳಿ. ಬಚ್ಚಲಲ್ಲೂ ಬಯಲಲ್ಲೂ ದನಿ ಒಂದೇ ಥರ ಕೇಳುತ್ತಿದ್ದರೆ ನೀವು ಕೇಳುತ್ತಿರುವುದು ಸ್ಟುಡಿಯೊ ಗೋಡೆಯನ್ನು. ನಟನೆಗೆ ತೀರ್ಪು ಕೊಡುವ ಮೊದಲು ಇದನ್ನು ಕಳೆಯಬೇಕು.

ಇನ್ನೂ ಒಂದಿದೆ. ಫಿಲಿಪೀನ್ಸ್‌ನಲ್ಲಿ ತೆಗೆದು, ಹೊರದೇಶದ ಮಾರುಕಟ್ಟೆಗೆಂದು ಯಾರ ಯಾರದೋ ದನಿಯಲ್ಲಿ ಇಂಗ್ಲಿಷಿಗೆ ಡಬ್ ಮಾಡಿದ ಅಗ್ಗದ ಹೊಡೆದಾಟದ ಚಿತ್ರಗಳು ಆ ಕಾಲದಲ್ಲಿ ಬೇಕಾದಷ್ಟು ಬಂದವು. ಕುಳ್ಳ ನಟ ವೆಂಗ್ ವೆಂಗ್ ಗೂಢಚಾರನಾಗಿದ್ದ 1981ರ ಚಿತ್ರವನ್ನು ಜಗತ್ತು ನೋಡಿ ನಕ್ಕಿದ್ದು ಇಂಥದೊಂದು ಡಬ್ಬಿಂಗಿನಲ್ಲಿ. ನಿಮ್ಮ ರೂಮ್‌ಮೇಟ್ ಹಾಕಿದ ಹಳೆಯ ಚಿತ್ರ ಇಂಗ್ಲಿಷಿನಲ್ಲಿದ್ದರೆ ಅದರ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನು ಭಾಷೆ. ಈ ಸಿನಿಮಾಗಳ ಮುಖ್ಯ ಭಾಷೆಯಾದ ತಗಾಲೋಗ್‌ನಲ್ಲಿ ‘ನಾಮಾನ್’, ‘ಕಾಸಿ’, ‘ಙಾ’, ‘ಎಹ್’ ಎಂಬ ಪುಟ್ಟ ಪದಗಳಿವೆ. ಇವು ಯಾವ ವಸ್ತುವನ್ನೂ ಹೇಳುವುದಿಲ್ಲ, ಆಡುವವರ ಮನಸ್ಸನ್ನು ಹೇಳುತ್ತವೆ. ‘ಕುಮಾಯಿನ್ ಕಾ’ ಅಂದರೆ ‘ತಿನ್ನು’. ‘ಕುಮಾಯಿನ್ ಕಾ ನಾಮಾನ್’ ಅಂದರೆ ‘ಎಷ್ಟು ಹೇಳಿದರೂ ತಿನ್ನುತ್ತಿಲ್ಲವಲ್ಲ, ಸ್ವಲ್ಪವಾದರೂ ತಿನ್ನಬಾರದಾ’ ಎಂಬ ಆಕ್ಷೇಪಣೆಯೂ ಅಕ್ಕರೆಯೂ ಸೇರಿದ ಮಾತು. ನಿಮ್ಮ ಕಡೆ ‘ತಿನ್ನು ಮಾರಾಯ್ತಿ’ ಅನ್ನುವಾಗ ಆ ‘ಮಾರಾಯ್ತಿ’ ಮಾಡುವ ಕೆಲಸ ಅದು. ಸಬ್‌ಟೈಟಲ್‌ನಲ್ಲಿ ಎರಡಕ್ಕೂ ಬರುವುದು ‘ಈಟ್’ ಎಂಬ ಒಂದೇ ಪದ. ನಟಿ ಆಕ್ಷೇಪಣೆಯನ್ನೂ ಅಕ್ಕರೆಯನ್ನೂ ಆ ‘ನಾಮಾನ್’ ಮೇಲೆ ಎಳೆದು ಹೇಳುತ್ತಾಳೆ, ಕೆಳಗಿನ ಅಕ್ಷರದಲ್ಲಿ ಬರೀ ‘ತಿನ್ನು’ ಇರುತ್ತದೆ. ಒಂದು ತುತ್ತು ತಿನ್ನು ಅನ್ನುವುದಕ್ಕೆ ಇಷ್ಟು ರಾಗವೇ ಅಂತ ನಿಮಗೆ ಅನ್ನಿಸುವುದು ಸಹಜ.

ಆ ಭಾಷೆಯಲ್ಲಿ ಪದದ ಕೊನೆಗೆ ಗಂಟಲು ಹಿಡಿದು ಬಿಟ್ಟಂತಹ ಒಂದು ತಡೆಯೂ ಇದೆ. ‘ಬಾತಾ’ ಪದವನ್ನು ಆ ತಡೆ ಹಾಕಿ ಅಂದರೆ ಮಗು, ತಡೆಯಿಲ್ಲದೆ ಅಂದರೆ ಮೈಮೇಲೆ ಹಾಕುವ ನಿಲುವಂಗಿ. ಮಾತು ಸರಾಗವಾಗಿ ಹರಿಯುವಾಗ ಈ ತಡೆ ಅಷ್ಟಾಗಿ ಕೇಳಿಸದು, ನಿಲ್ಲಿಸಿದ ಕಡೆ ಎದ್ದು ಕೇಳುತ್ತದೆ. ನಿಮ್ಮ ವಾರ್ಡಿನಲ್ಲಿ ಅವರು ಆಡುವುದು ಸರಾಗದ ಮಾತು. ಸಿನಿಮಾದಲ್ಲಿ ದುಃಖದ ಮಾತನ್ನು ತುಂಡು ತುಂಡಾಗಿ ನಿಲ್ಲಿಸಿ ಹೇಳಿದಾಗ ತುಂಡಿನ ಕೊನೆಯಲ್ಲೆಲ್ಲ ಗಂಟಲು ಕಟ್ಟಿದಂತೆ ಆಗುತ್ತದೆ. ನಮ್ಮ ಕಿವಿಗೆ ಅದು ಬಿಕ್ಕಳಿಕೆ. ಅರ್ಧ ಬಿಕ್ಕಳಿಕೆ ನಿಜ, ಅರ್ಧ ವ್ಯಾಕರಣ.

ಆದರೂ ನಿಮ್ಮ ಮುಖ್ಯ ಪ್ರಶ್ನೆ ಉಳಿಯುತ್ತದೆ. ಭಾಷಣದ ಹಾಗೆ ಉದ್ದುದ್ದ ಮಾತು ಎಲ್ಲಿಂದ ಬಂತು?

ರಂಗಭೂಮಿಯಿಂದ ಬಂತು. ನಮ್ಮ ಸಿನಿಮಾ ಕಂಪನಿ ನಾಟಕದ ಮಗು, ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ ದನಿಯಲ್ಲಿ ನಾವೆಲ್ಲ ಬೆಳೆದವರು, ಹಾಗಾಗಿ ಇದನ್ನು ನಿಮಗೆ ವಿವರಿಸುವುದು ಸುಲಭ. ಫಿಲಿಪೀನ್ಸ್‌ನವರೇ ತೆಗೆದ ಮೊದಲ ಕಥಾಚಿತ್ರ ‘ದಲಗಾಂಗ್ ಬುಕಿದ್’ 1919ರದು, ಹೋಸೆ ನೆಪೊಮುಸೆನೊ ನಿರ್ದೇಶನ. ಅದು ಜನಪ್ರಿಯ ಸರ್ಸುವೆಲಾ, ಅಂದರೆ ಸ್ಪೇನ್ ಮೂಲದ ಹಾಡುನಾಟಕ, ಒಂದರ ಚಿತ್ರರೂಪ. ಮೂಕಿ ಚಿತ್ರವಾದ್ದರಿಂದ ನಾಯಕಿ ಅತಾಂಗ್ ದೆ ಲಾ ರಾಮಾ ಪ್ರದರ್ಶನದ ಹೊತ್ತಿಗೆ ಥಿಯೇಟರಿಗೇ ಬಂದು ಹಾಡುತ್ತಿದ್ದರು. ಸರ್ಸುವೆಲಾಕ್ಕೂ ಹಿಂದೆ ಕೊಮೆದ್ಯಾ ಇತ್ತು. ಕ್ರೈಸ್ತ ಮತ್ತು ಮೂರ್ (ಅಂದರೆ ಮುಸ್ಲಿಂ) ರಾಜಕುಮಾರರ ಕಾಳಗದ ಪದ್ಯನಾಟಕ ಅದು. ಪ್ರಾಂಪ್ಟರ್ ಸಾಲು ಹೇಳಿಕೊಡುತ್ತಿದ್ದ, ನಟರು ಅದನ್ನು ರಾಗವಾಗಿ ಎತ್ತಿ ಒಪ್ಪಿಸುತ್ತಿದ್ದರು. ನಮ್ಮ ಮೂಡಲಪಾಯ ಯಕ್ಷಗಾನದ ಆಟವನ್ನು ಕಂಡವರಿಗೆ ಆ ನಿಲುವು ಕೂಡಲೇ ಹೊಳೆಯುತ್ತದೆ.

1942ರಿಂದ 45ರವರೆಗೆ ಜಪಾನಿನ ಆಕ್ರಮಣದ ವರ್ಷಗಳಲ್ಲಿ ಸಿನಿಮಾ ಹೆಚ್ಚುಕಡಿಮೆ ನಿಂತೇಹೋಯಿತು, ತಾರೆಯರು ಹೊಟ್ಟೆಪಾಡಿಗೆ ಸ್ಟೇಜ್ ಹತ್ತಿದರು. ಯುದ್ಧ ಮುಗಿದು ಸ್ಟುಡಿಯೊಗಳು ಮತ್ತೆ ತೆರೆದಾಗ ಕೊನೆಯ ಸಾಲಿನವರಿಗೆ ಮುಟ್ಟಿಸುವ ದನಿಯನ್ನು ಅವರು ಜೊತೆಗೇ ತಂದರು. ಆಮೇಲೆ ರೇಡಿಯೊ ನಾಟಕ ಬಂತು. ರೇಡಿಯೊದಲ್ಲಿ ಮುಖ ಕಾಣುವುದಿಲ್ಲ, ಹಾಗಾಗಿ ‘ಯಾಕೆ ಹಾಗೆ ನೋಡುತ್ತೀ, ಯಾಕೆ ಬಾಗಿಲು ಹಾಕುತ್ತಿದ್ದೀ’ ಎಂದು ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ವಾರವಾರ ಬರುತ್ತಿದ್ದ ‘ಕೊಮಿಕ್ಸ್’ ಚಿತ್ರಕಥೆಗಳೂ ಹಾಗೆಯೇ, ಭಾವವೆಲ್ಲ ಬಾಯಿಂದ ಹೊರಟ ಗುಳ್ಳೆಯೊಳಗೆ. ಈ ರೇಡಿಯೊ ಧಾರಾವಾಹಿಗಳೂ ಕೊಮಿಕ್ಸ್ ಕಥೆಗಳೂ ಸಾಲು ಸಾಲಾಗಿ ಸಿನಿಮಾ ಆದವು. ಕಥೆಯ ಜೊತೆ ಮಾತಿನ ಗತ್ತೂ ಪರದೆಗೆ ಬಂತು.

ಇಷ್ಟು ಹೇಳಿ ಬಿಟ್ಟರೆ ಅದು ಹಳೆಯ ಕಾಲದ ಉಳಿಕೆ ಅಂದಂತಾಗುತ್ತದೆ. ಉಳಿಕೆಯಷ್ಟೇ ಆಗಿದ್ದರೆ ಇಷ್ಟು ಹೊತ್ತಿಗೆ ಸತ್ತಿರುತ್ತಿತ್ತು. ಅದು ಬದುಕಿರುವ ಕಾರಣ ನಿಮ್ಮ ಪ್ರಶ್ನೆಯ ಮೊದಲ ಅರ್ಧದಲ್ಲೇ ಇದೆ: ನಿಮ್ಮ ಜೊತೆಗಾರರ ಮೆಲುಮಾತು.

ಫಿಲಿಪೀನ್ಸ್‌ನ ಮನೆಗಳಲ್ಲಿ ‘ತಾಂಪೊ’ ಎಂಬ ಪದ ದಿನಬಳಕೆಯದು. ಹತ್ತಿರದವರು ನೋಯಿಸಿದಾಗ ಜಗಳವಾಡದೆ, ಏನಾಯಿತು ಅಂತಲೂ ಹೇಳದೆ, ಮಾತು ಕಮ್ಮಿ ಮಾಡಿ, ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುವ ಮುನಿಸು. ನೋಯಿಸಿದವರು ತಾವೇ ಅರಿತು ಸಮಾಧಾನ ಮಾಡಬೇಕು. ಇದರ ಪಕ್ಕದಲ್ಲೇ ‘ಹಿಯಾ’, ನಾಲ್ಕು ಜನರ ಮುಂದೆ ತಾನೂ ಮುಖ ಕಳೆದುಕೊಳ್ಳಬಾರದು, ಎದುರಿನವರ ಮುಖವನ್ನೂ ಕಳೆಯಬಾರದು ಎಂಬ ಸಂಕೋಚ. ಹಿರಿಯರ ಜೊತೆ ಮಾತಿಗೊಮ್ಮೆ ‘ಪೊ’ ಸೇರಿಸಿ ಗೌರವ ಕೊಡುವ ಭಾಷೆಯಲ್ಲಿ ಅಮ್ಮನಿಗೆ ‘ನೀನು ನನಗೆ ಅನ್ಯಾಯ ಮಾಡಿದೆ’ ಅನ್ನುವುದು ಬಹುತೇಕ ಆಗದ ಕೆಲಸ. ಜನ ಹೇಳದೆ ನುಂಗುತ್ತಾರೆ. ಹೀಗೆ ಹತ್ತು ವರ್ಷ ನುಂಗಿದ್ದನ್ನು ಸಿನಿಮಾ ಒಂದು ದೃಶ್ಯದಲ್ಲಿ ಹೇಳಿಸುತ್ತದೆ. ಅವರ ಕುಟುಂಬ ಕಥೆಗಳಲ್ಲಿ ಎಲ್ಲರೂ ಕಾಯುವುದು ಈ ಮುಖಾಮುಖಿ ದೃಶ್ಯಕ್ಕೆ. ಅದು ಮನೆಯ ಮಾತಿನಂತೆ ಕೇಳದಿರುವುದು ಸರಿಯೇ, ಮನೆಯಲ್ಲಿ ಯಾರೂ ಆಡದ ಮಾತು ಅದು.

2000ದಲ್ಲಿ ಬಂದ ‘ಅನಾಕ್’ ನೋಡಿ. ಪದದ ಅರ್ಥ ‘ಮಗು’. ರೋರಿ ಕಿಂಟೋಸ್ ನಿರ್ದೇಶನ, ವಿಲ್ಮಾ ಸಾಂಟೋಸ್ ತಾಯಿ ಜೋಸಿ. ಹಾಂಗ್‌ಕಾಂಗ್‌ನಲ್ಲಿ ಮನೆಗೆಲಸ ಮಾಡಿ ದುಡ್ಡು ಕಳಿಸಿ ವರ್ಷಗಳ ನಂತರ ಊರಿಗೆ ಬಂದರೆ ಮಕ್ಕಳಿಗೆ ಅವಳು ಅಪರಿಚಿತೆ. ಹಿರಿಯ ಮಗಳಂತೂ ಮುಖ ಕೊಟ್ಟು ಮಾತಾಡುವುದಿಲ್ಲ. ಕೊನೆಗೊಂದು ರಾತ್ರಿ ತಾಯಿ ಒಡೆಯುತ್ತಾಳೆ. ನೀವು ಕುಡಿಯುವಾಗ, ಸಿಗರೇಟು ಎಳೆಯುವಾಗ, ನಾನು ಕಳಿಸಿದ ದುಡ್ಡು ಚೆಲ್ಲುವಾಗ, ಅದಕ್ಕಾಗಿ ನಾನು ಎಷ್ಟು ಹೊತ್ತು ಊಟ ಬಿಟ್ಟೆ ಅನ್ನುವುದು ನಿಮ್ಮ ನೆನಪಿಗೆ ಬರಲಿ ಅಂತ ಕೇಳುತ್ತಾಳೆ. ಆ ಮಾತಿನ ಕಟ್ಟಡ ಗಮನಿಸಿ. ‘ಹಬಾಂಗ್’ ಅಂದರೆ ‘...ವಾಗ’. ಆ ಪದ ಮತ್ತೆ ಮತ್ತೆ ಬರುತ್ತದೆ, ವಾಕ್ಯ ಮುಗಿಯುವುದೇ ಇಲ್ಲ, ಒಂದರ ಮೇಲೊಂದು ಏರುತ್ತಾ ಹೋಗಿ ಕಟ್ಟಕಡೆಗೆ ಊಟದ ಲೆಕ್ಕಕ್ಕೆ ಬಂದು ನಿಲ್ಲುತ್ತದೆ.

ನಿತ್ಯದ ಮಾತಿನಲ್ಲಿ ಯಾರೂ ಇಂಥ ವಾಕ್ಯ ಕಟ್ಟುವುದಿಲ್ಲ, ನಿಜ. ಆದರೆ ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಅವರ ಊರೂರಲ್ಲಿ ‘ಪಬಾಸಾ’ ನಡೆಯುತ್ತದೆ. ಯೇಸುವಿನ ಯಾತನೆಯ ಕಥೆಯನ್ನು, ಎಂಟು ಅಕ್ಷರದ ಸಾಲು, ಐದು ಸಾಲಿನ ನುಡಿಯಂತೆ, ಸರದಿಯ ಮೇಲೆ ಕೂತು ಹಗಲು ರಾತ್ರಿ ಹಾಡುತ್ತಾರೆ. ಅದರಲ್ಲಿ ಮಗನನ್ನು ಕಳೆದುಕೊಳ್ಳುವ ಮರಿಯಳ ಅಳಲು ಇದೆ. ಜೋಸಿಯ ಮಾತಿನಲ್ಲಿ ನನಗೆ ಕೇಳುವುದು ಆ ಅಳಲಿನ ಲಯ. ಪರದೆಯ ಮುಂದೆ ಕೂತವರ ಕಿವಿಯಲ್ಲಿ ಆ ಲಯ ಚಿಕ್ಕಂದಿನಿಂದ ಇದೆ. ತಮ್ಮ ತಾಯಿಯೋ ಅಕ್ಕನೋ ದುಬೈನಲ್ಲಿ, ಹಾಂಗ್‌ಕಾಂಗ್‌ನಲ್ಲಿ ಇರುವವರು ಅದನ್ನು ಕೇಳಿ ಅತ್ತರೆ ಅದು ಕೃತಕತೆಗೆ ಮೋಸಹೋದದ್ದಲ್ಲ. ನನ್ನ ತರಗತಿಯಲ್ಲಿ ಈ ದೃಶ್ಯ ತೋರಿಸಿದಾಗಲೆಲ್ಲ ಶುರುವಿನಲ್ಲಿ ಮುಸಿಮುಸಿ ನಗುವವರು ಇರುತ್ತಾರೆ. ಊಟದ ಲೆಕ್ಕದ ಹೊತ್ತಿಗೆ ಯಾರೂ ನಗುತ್ತಿರುವುದಿಲ್ಲ.

ಇದ್ದಕ್ಕಿದ್ದಂತೆ ಬರುವ ಇಂಗ್ಲಿಷಿನ ವಿಷಯ. 1898ರಿಂದ 1946ರವರೆಗೆ, ನಡುವೆ ಜಪಾನಿನ ವರ್ಷಗಳನ್ನು ಬಿಟ್ಟರೆ, ಅಲ್ಲಿ ಆಳಿದ್ದು ಅಮೆರಿಕ. ಶಾಲೆ, ಕೋರ್ಟು, ಕಚೇರಿಗೆ ಇಂಗ್ಲಿಷ್ ಬಂದು ನಿಂತಿತು. ಹಾಗಾಗಿ ಸಿನಿಮಾದಲ್ಲಿ ಯಾರು ಯಾವಾಗ ಇಂಗ್ಲಿಷಿಗೆ ಹೊರಳುತ್ತಾರೆ ಅನ್ನುವುದರಲ್ಲಿ ಅಂತಸ್ತಿನ ಲೆಕ್ಕ ಇರುತ್ತದೆ. 1985ರ ‘ಬಿತುಯಿಂಗ್ ವಲಾಂಗ್ ನಿಂಗ್ನಿಂಗ್’ನಲ್ಲಿ ಮೆರೆಯುವ ಗಾಯಕಿಯಾದ ಚೆರಿ ಗಿಲ್, ಕೆಳಗಿನಿಂದ ಬಂದ ಶಾರನ್ ಕುನೆಟಾ ಮೇಲೆ ಎಲ್ಲರೆದುರು ನೀರು ಎರಚಿ ‘ಸೆಕೆಂಡ್ ರೇಟ್, ಟ್ರೈಯಿಂಗ್ ಹಾರ್ಡ್, ಕಾಪಿಕ್ಯಾಟ್’ ಅಂತ ಬೈಯುತ್ತಾಳೆ. ಅಲ್ಲಿನವರಿಗೆ ಇದು ಬಾಯಿಪಾಠ. ಆ ಬೈಗುಳ ತಗಾಲೋಗ್‌ನಲ್ಲಿದ್ದರೆ ಬರೀ ಬೈಗುಳವಾಗುತ್ತಿತ್ತು. ಇಂಗ್ಲಿಷಿನಲ್ಲಿ ಬಂದದ್ದರಿಂದ, ನೀನು ನನ್ನ ಮೆಟ್ಟಿಲಿಗೆ ಯಾವತ್ತೂ ಬರಲಾರೆ ಎಂಬ ಇನ್ನೊಂದು ಏಟೂ ಸೇರಿಕೊಂಡಿತು. ‘ಕೊಂತ್ರಬಿದಾ’ ಅಂದರೆ ಖಳಪಾತ್ರ, ಅವಳ ಮಾತು ಕತ್ತಿ ಝಳಪಿಸಿದಂತೆ ಇರಬೇಕು ಎಂಬುದು ಪ್ರೇಕ್ಷಕರ ಅಪೇಕ್ಷೆ. ಬಣ್ಣದ ವೇಷ ಅಬ್ಬರಿಸದಿದ್ದರೆ ನಿಮ್ಮೂರಿನ ಆಟದಲ್ಲಿ ಜನ ಒಪ್ಪುತ್ತಾರೆಯೇ?

ಜೋರು ದನಿ ಕೆಲವು ಕಡೆ ದೃಶ್ಯದ ಒಳಗಿನಿಂದಲೇ ಹುಟ್ಟುತ್ತದೆ. ನಿರ್ದೇಶಕ ಲೀನೊ ಬ್ರೊಕಾರ ‘ಇನ್ಸಿಯಾಂಗ್’ (1976) ಮನಿಲಾದ ತೊಂದೊ ಕೊಳೆಗೇರಿಯ ಕಥೆ. ತಾಯಿ ಮಗಳನ್ನು ಬೈಯುವುದು ಮಗಳಿಗೆ ಕೇಳಲಿ ಅಂತಷ್ಟೇ ಅಲ್ಲ, ತೆಳು ಹಲಗೆ ಗೋಡೆಯ ಆಚೆಗಿನ ನೆರೆಯವರಿಗೂ ಕೇಳಲಿ ಅಂತ. ಇಶ್ಮಾಯೆಲ್ ಬೆರ್ನಾಲ್‌ರ ‘ಹಿಮಾಲಾ’ (1982) ಕೊನೆಯಲ್ಲಿ ನೋರಾ ಆನೋರ್ ಬರಡು ದಿಬ್ಬದ ಮೇಲೆ ಮೈಕ್ ಹಿಡಿದು, ಸಾವಿರಾರು ಜನರಿಗೆ ಪವಾಡವೆಂಬುದೇ ಇಲ್ಲ ಎಂದು ಕೂಗಿ ಹೇಳುತ್ತಾಳೆ. ಮೈಕಿನಲ್ಲಿ ಮಾತಾಡುವವರು ಮಾತಾಡುವುದೇ ಹಾಗೆ. ಆದರೆ ಅದಕ್ಕೆ ಮುಂಚಿನ ಚಿತ್ರವನ್ನೆಲ್ಲ ಅವಳು ಎಷ್ಟು ಕಮ್ಮಿ ಮಾತಿನಲ್ಲಿ, ಬರೀ ಕಣ್ಣಲ್ಲಿ, ಸಾಗಿಸಿದ್ದಾಳೆ ನೋಡಿ. ಆ ಮೌನ ಇಲ್ಲದಿದ್ದರೆ ಈ ಕೂಗಿಗೆ ಬೆಲೆ ಬರುತ್ತಿರಲಿಲ್ಲ.

ಹಾಗಾದರೆ ಕೆಟ್ಟ ನಟನೆ ಇಲ್ಲವೇ? ಇದೆ, ಧಾರಾಳವಾಗಿ ಇದೆ. ಅಲ್ಲಿನವರೇ ಅದಕ್ಕೆ ‘ಓಎ’ ಅನ್ನುತ್ತಾರೆ, ಓವರ್ ಆ್ಯಕ್ಟಿಂಗ್. ಮನೆಯಲ್ಲಿ ಯಾರಾದರೂ ಸಣ್ಣದಕ್ಕೆ ರಂಪ ಮಾಡಿದರೂ ‘ಆಂಗ್ ಓಎ ಮೊ’ ಅಂತಾರೆ. ನಿಮ್ಮ ರೂಮ್‌ಮೇಟ್ ಬಾಯಲ್ಲೂ ಕೇಳಿರುತ್ತೀರಿ. ಇಂಥ ನಟನೆಗೆ ಹೆಚ್ಚಿನ ಸಲ ಕಾರಣ ಅವಸರ. 1990ರ ದಶಕದಲ್ಲಿ ‘ಪಿತೊ-ಪಿತೊ’ ಎಂಬ ಪದ್ಧತಿ ಇತ್ತು. ‘ಪಿತೊ’ ಅಂದರೆ ಏಳು: ಏಳು ದಿನ ಶೂಟಿಂಗ್, ಏಳು ದಿನದಲ್ಲಿ ಉಳಿದ ಕೆಲಸ. ಏಳು ದಿನದಲ್ಲಿ ಚಿತ್ರ ಮುಗಿಸಬೇಕಾದಾಗ ಎರಡನೆಯ ಟೇಕ್ ಎಲ್ಲಿಂದ ಬರಬೇಕು? ನಟರು ಅಭ್ಯಾಸವಾದ ಅಳು, ಅಭ್ಯಾಸವಾದ ಕೋಪ ತೆಗೆದು ಇಡುತ್ತಾರೆ. (ಮುಂದೆ ಎಂಟು ಗಂಟೆಯ ಚಿತ್ರ ತೆಗೆದು ಬರ್ಲಿನ್ ಚಿತ್ರೋತ್ಸವಕ್ಕೆ ಹೋದ ನಿರ್ದೇಶಕ ಲಾವ್ ಡಿಯಾಜ್ ಮೊದಲು ಕೆಲಸ ಮಾಡಿದ್ದು ಈ ಪದ್ಧತಿಯಲ್ಲೇ. ಅವರಿಗೆ ಅವಸರದ ಮೇಲೆ ಯಾಕೆ ಅಷ್ಟು ಜಿಗುಪ್ಸೆ ಬಂತು ಅನ್ನುವುದು ನನಗೆ ಅರ್ಥವಾಗುತ್ತದೆ.)

ಟಿವಿಯ ‘ತೆಲೆಸೆರ್ಯೆ’ ಧಾರಾವಾಹಿಗಳಲ್ಲಿ ಪರಿಸ್ಥಿತಿ ಇನ್ನೂ ಕಷ್ಟ. ಪ್ರಸಾರ ನಡೆಯುತ್ತಿರುವಾಗಲೇ ಮುಂದಿನ ಕಂತುಗಳ ಶೂಟಿಂಗ್ ನಡೆದಿರುತ್ತದೆ, ಸ್ಕ್ರಿಪ್ಟಿನ ಹಾಳೆ ಎಷ್ಟೋ ಸಲ ಅದೇ ದಿನ ಕೈಗೆ ಬರುತ್ತದೆ. ಹಿರಿಯ ನಟ ಎಡಿ ಗಾರ್ಸಿಯಾ 2019ರಲ್ಲಿ ಧಾರಾವಾಹಿಯೊಂದರ ಸೆಟ್ಟಿನಲ್ಲಿ ಕೇಬಲ್ಲಿಗೆ ಎಡವಿ ಬಿದ್ದು ತೀರಿಕೊಂಡ ಮೇಲೆ ಚರ್ಚೆ ಜೋರಾಗಿ, ಚಿತ್ರರಂಗದವರ ದುಡಿಮೆಯ ಹೊತ್ತಿಗೆ ಮಿತಿ ಹಾಕುವ, ಅವರದೇ ಹೆಸರಿನ ಕಾನೂನು 2024ರಲ್ಲಿ ಬಂತು. ನಿದ್ದೆಗೆಟ್ಟ ನಟನಿಂದ ಸೂಕ್ಷ್ಮ ಬಯಸಲಾಗದು. ನೈಟ್ ಡ್ಯೂಟಿ ಮಾಡುವ ನಿಮಗೆ ಇದನ್ನು ಹೇಳಬೇಕಿಲ್ಲ.

ನನಗೆ ನಿಜಕ್ಕೂ ಬೇಸರ ತರುವುದು ‘ಹುಗೊತ್’ ಸಾಲುಗಳು. ಪದದ ಅರ್ಥ ‘ಒಳಗಿನಿಂದ ಎಳೆದು ತೆಗೆದದ್ದು’. ಪ್ರೇಮಭಂಗದ ಆಳದಿಂದ ಬಂದಂತಹ ಚುಟುಕು ಮಾತು. 2007ರ ‘ಒನ್ ಮೋರ್ ಚಾನ್ಸ್’ನಲ್ಲಿ ಜಾನ್ ಲಾಯ್ಡ್ ಕ್ರೂಜ್, ಬಿಯಾ ಅಲೋನ್ಸೊ ಅಂಥ ಮಾತುಗಳನ್ನು ನೋವಿನಿಂದಲೇ ಆಡಿದ್ದರು, ಅದಕ್ಕೇ ನಿಂತವು. ಆ ಯಶಸ್ಸಿನ ಮೇಲೆ ಬಂದ ಎಷ್ಟೋ ಚಿತ್ರಗಳಲ್ಲಿ ಸಾಲನ್ನು ಮೊದಲು ಬರೆದು, ಟ್ರೇಲರಿಗೆ ಹೊಂದಿಸಿ, ಆಮೇಲೆ ಪಾತ್ರದ ಬಾಯಿಗೆ ತುರುಕಿದಂತೆ ಕಾಣುತ್ತದೆ. ಸಾಲು ಬರುವ ಮೊದಲು ನಟ ಒಂದು ಕ್ಷಣ ನಿಲ್ಲುತ್ತಾನೆ, ಕ್ಯಾಮೆರಾ ಹತ್ತಿರ ಹೋಗುತ್ತದೆ, ಸಂಗೀತ ತಗ್ಗುತ್ತದೆ. ಎದುರಿಗೆ ನಿಂತವಳನ್ನು ಬಿಟ್ಟು ಟೀ ಶರ್ಟ್ ಮೇಲೆ ಅಚ್ಚು ಹಾಕಿಸುವವರಿಗೆ ಮಾತಾಡಿದ ಹಾಗಿರುತ್ತದೆ. ‘ಅನಾಕ್’ ತಾಯಿಯ ಉದ್ದದ ಮಾತಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಅವಳು ಮಾತಾಡುವುದು ಮಗಳ ಜೊತೆ. ಮಗಳ ಮುಖ ನೋಡಿಯೇ ಮುಂದಿನ ‘ಹಬಾಂಗ್’ಗೆ ಹೋಗುತ್ತಾಳೆ.

ನಟನೆ ಬರುವುದಿಲ್ಲವೇ ಅಂದಿರಲ್ಲ, ಅದಕ್ಕೆ ಜಾಕ್ಲಿನ್ ಹೋಸೆ ಸಾಕು. 1980ರ ದಶಕದಿಂದ ಬೆಳೆದು ಬಂದವರು, ಟಿವಿ ಧಾರಾವಾಹಿಗಳಲ್ಲಿ ಅಬ್ಬರದ ಖಳಪಾತ್ರಗಳನ್ನೂ ಮಾಡಿದವರು. 2016ರಲ್ಲಿ ಬ್ರಿಲ್ಯಾಂಟೆ ಮೆಂಡೋಜಾರ ‘ಮಾ ರೋಸಾ’ಕ್ಕೆ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಪಡೆದರು. ಆಗ್ನೇಯ ಏಷ್ಯಾಕ್ಕೆ ಅದು ಮೊದಲನೆಯದು. ಪೊಲೀಸರಿಗೆ ಕೊಡಬೇಕಾದ ದುಡ್ಡು ಹೊಂದಿಸಲು ಅಲೆದ ರೋಸಾ ಕೊನೆಯಲ್ಲಿ ಬೀದಿ ಬದಿಯ ಗಾಡಿಯ ಮುಂದೆ ನಿಂತು ಕಡ್ಡಿಗೆ ಚುಚ್ಚಿದ ಫಿಶ್‌ಬಾಲ್ ತಿನ್ನುತ್ತಾಳೆ. ಎದುರಿಗೆ ಒಂದು ಸಂಸಾರ ತಮ್ಮ ಅಂಗಡಿ ಮುಚ್ಚಿ ಸಾಮಾನು ಕಟ್ಟುತ್ತಿದೆ. ಅವಳು ನೋಡುತ್ತಾಳೆ, ಅಗಿಯುತ್ತಾಳೆ, ಬಾಯಿ ತುಂಬಿರುವಾಗಲೇ ಕಣ್ಣು ತುಂಬುತ್ತದೆ. ಒಂದು ಮಾತಿಲ್ಲ. ಅದೇ ನಟಿ, ಅದೇ ದೇಶ, ಅದೇ ಪ್ರೇಕ್ಷಕರು. ಅಬ್ಬರ ಬೇಕಾದ ಕಡೆ ಅಬ್ಬರ ಆರಿಸಿಕೊಂಡಿದ್ದರು, ಇಲ್ಲಿ ಅಗಿಯುವುದನ್ನು ಆರಿಸಿಕೊಂಡರು.

ಒಂದು ಕೆಲಸ ಮಾಡಿ. ಇಬ್ಬರಿಗೂ ರಜೆ ಇರುವ ದಿನ ‘ಅನಾಕ್’ ಹಾಕಿ. ತಾಯಿಯ ಆ ಮಾತು ಬಂದಾಗ ಸಬ್‌ಟೈಟಲ್ ಓದುವುದು ಬಿಟ್ಟು ‘ಹಬಾಂಗ್’ ಎಷ್ಟು ಸಲ ಬರುತ್ತದೆ ಅಂತ ಕೇಳಿಸಿಕೊಳ್ಳಿ. ಮುಗಿದ ಮೇಲೆ ರೂಮ್‌ಮೇಟ್ ಹತ್ತಿರ ನಟನೆಯ ಬಗ್ಗೆ ಕೇಳಬೇಡಿ. ಊರಲ್ಲಿ ಯಾರಿದ್ದಾರೆ, ತಿಂಗಳಿಗೆ ಎಷ್ಟು ಕಳಿಸುತ್ತಾಳೆ ಅಂತ ಕೇಳಿ. ಅವಳು ಅದನ್ನೂ ಮೆಲ್ಲಗೇ ಹೇಳುತ್ತಾಳೆ.